ಹೆರಿಗೆಯ ದಿನದ ಲೆಕ್ಕ: ತೆಂಗಿನ ಸೀಮೆಯ ಗ್ರಾಮ ಪಂಚಾಯಿತಿ ಸದಸ್ಯರು ಅರಿತಿರಬೇಕಾದ ಸಂಗತಿಗಳು

(ತುಮಕೂರು ಜಿಲ್ಲೆಯ ತಿಪಟೂರು, ತುರುವೇಕೆರೆ ಮತ್ತು ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳ ಗ್ರಾಮ ಪಂಚಾಯಿತಿ ಸದಸ್ಯರಿಗಾಗಿ ಸಿದ್ಧಪಡಿಸಲಾದ ಉಪನ್ಯಾಸದ ಪಠ್ಯ)



ಹೊನ್ನವಳ್ಳಿಯಿಂದ ಹುಳಿಯಾರಿನವರೆಗೆ, ನೊಣವಿನಕೆರೆಯಿಂದ ಮಾಯಸಂದ್ರದವರೆಗೆ ಹರಡಿರುವ ಈ ತೆಂಗಿನ ಸೀಮೆಯಲ್ಲಿ ದಿನಗಳ ಲೆಕ್ಕವನ್ನು ಅರಿಯದ ರೈತ ಕುಟುಂಬವಿಲ್ಲ. ಹೊಂಬಾಳೆ ಒಡೆದ ಮೇಲೆ ಕಾಯಿ ಬಲಿತು ಕೀಳುವ ಹದಕ್ಕೆ ಬರಲು ಸುಮಾರು ಒಂದು ವರ್ಷ ಬೇಕೆಂಬುದು, ಅಟ್ಟಕ್ಕೆ ಹಾಕಿದ ಕಾಯಿ ಉಂಡೆ ಕೊಬ್ಬರಿಯಾಗಲು ಹಲವು ತಿಂಗಳು ಕಾಯಬೇಕೆಂಬುದು ಇಲ್ಲಿಯ ಮಕ್ಕಳಿಗೂ ಗೊತ್ತು. ಮನೆಯ ಹಸುವಿಗೆ ಕೃತಕ ಗರ್ಭಧಾರಣೆ ಮಾಡಿಸಿದ ದಿನವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಸುತ್ತು ಹಾಕಿ ಗುರುತಿಸುವುದು ಡೇರಿಗೆ ಹಾಲು ಹಾಕುವ ಮನೆಗಳಲ್ಲಿ ವಾಡಿಕೆ. ಹಸು ಈಯುವುದಕ್ಕೂ ಹೆಣ್ಣುಮಗಳು ಹೆರುವುದಕ್ಕೂ ಹಿಡಿಯುವ ಕಾಲ ಹೆಚ್ಚುಕಡಿಮೆ ಒಂದೇ, ಸುಮಾರು 280 ದಿನ. ಆದರೆ ಅದೇ ಗೋಡೆಯ ಅದೇ ಕ್ಯಾಲೆಂಡರಿನಲ್ಲಿ ಮನೆಯ ಸೊಸೆಯ ಅಥವಾ ಮಗಳ ದಿನಾಂಕಕ್ಕೆ ಗುರುತು ಇರುವುದು ಅಪರೂಪ. ಅದು ಹೆಂಗಸರ ಮಾತು, ಗಂಡಸರ ಕಿವಿಗೆ ಬೀಳಬಾರದ ಮಾತು ಎಂಬ ಸಂಕೋಚವೇ ಅದಕ್ಕೆ ಕಾರಣ.

ಈ ಸಂಕೋಚದ ಬೆಲೆಯನ್ನು ತಾಯಿ ಮತ್ತು ಮಗು ತೆರಬೇಕಾಗುತ್ತದೆ. ಹೆರಿಗೆಯ ದಿನ ಯಾವಾಗ ಬರುತ್ತದೆಂದು ಮನೆಗೆ, ಆಶಾ ಕಾರ್ಯಕರ್ತೆಗೆ, ಆಸ್ಪತ್ರೆಗೆ ಮೊದಲೇ ತಿಳಿದಿದ್ದರೆ ವಾಹನ, ರಕ್ತ, ಹಣ, ಜೊತೆಗಿರುವವರು ಎಲ್ಲವನ್ನೂ ಹೊಂದಿಸಿಕೊಳ್ಳಬಹುದು. ತಿಳಿಯದಿದ್ದರೆ ತೋಟದ ಮನೆಯಲ್ಲಿ ಮಧ್ಯರಾತ್ರಿ ನೋವು ಕಾಣಿಸಿಕೊಂಡಾಗ ಎಲ್ಲವೂ ಒಟ್ಟಿಗೆ ತಲೆಯ ಮೇಲೆ ಬೀಳುತ್ತದೆ. ಆದುದರಿಂದ ಹೆರಿಗೆಯ ನಿರೀಕ್ಷಿತ ದಿನಾಂಕವನ್ನು ಹೇಗೆ ಲೆಕ್ಕ ಹಾಕಲಾಗುತ್ತದೆ, ಆ ಲೆಕ್ಕ ಎಲ್ಲಿ ತಪ್ಪುತ್ತದೆ, ತಪ್ಪದಂತೆ ನೋಡಿಕೊಳ್ಳುವಲ್ಲಿ ಗ್ರಾಮ ಪಂಚಾಯಿತಿ ಸದಸ್ಯರ ಪಾತ್ರವೇನು ಎಂಬ ಮೂರು ವಿಷಯಗಳನ್ನು ಇಲ್ಲಿ ವಿವರಿಸಲಾಗಿದೆ.

1. ಲೆಕ್ಕದ ವಿಧಾನ

ವೈದ್ಯಕೀಯ ಲೆಕ್ಕ ಆರಂಭವಾಗುವುದು ಕೊನೆಯ ಮುಟ್ಟಿನ ಮೊದಲನೆಯ ದಿನದಿಂದ. ಗರ್ಭ ನಿಂತ ದಿನ ಯಾರಿಗೂ ಖಚಿತವಾಗಿ ತಿಳಿಯುವುದಿಲ್ಲ. ಮುಟ್ಟಾದ ದಿನವಾದರೋ ಆಕೆಗೆ ತಿಳಿದಿರುತ್ತದೆ. ಆ ದಿನದಿಂದ 280 ದಿನ, ಅಂದರೆ 40 ವಾರಕ್ಕೆ ಹೆರಿಗೆಯ ನಿರೀಕ್ಷಿತ ದಿನಾಂಕ ಬರುತ್ತದೆ. ಇದನ್ನು ಬೆರಳೆಣಿಕೆಯಲ್ಲಿ ಕಂಡುಕೊಳ್ಳುವ ಸುಲಭ ಸೂತ್ರವು ಜರ್ಮನಿಯ ಪ್ರಸೂತಿ ತಜ್ಞ ಫ್ರಾಂಜ್ ಕಾರ್ಲ್ ನೇಗೆಲೆ (1778–1851) ಅವರ ಹೆಸರಿನಲ್ಲಿ ಪ್ರಸಿದ್ಧವಾಗಿದೆ. ಕೊನೆಯ ಮುಟ್ಟಿನ ಮೊದಲ ದಿನಕ್ಕೆ ಏಳು ದಿನ ಸೇರಿಸಬೇಕು. ಬಂದ ದಿನಾಂಕಕ್ಕೆ ಒಂಬತ್ತು ತಿಂಗಳು ಕೂಡಿಸಬೇಕು. ಇಷ್ಟೇ ಆ ಸೂತ್ರ.

ಒಂದು ಉದಾಹರಣೆಯಿಂದ ಇದು ಸ್ಪಷ್ಟವಾಗುತ್ತದೆ. ಆಶಾ ಕಾರ್ಯಕರ್ತೆಯು ಮನೆ ಭೇಟಿಯಲ್ಲಿ, “ಕೊನೇ ಸಲ ಯಾವತ್ತು ಹೊರಗಾಗಿದ್ದೆ ಕಣವ್ವ?” ಎಂದು ಕೇಳುತ್ತಾಳೆ. “2025ನೇ ಇಸವಿ ಆಗಸ್ಟ್ 30” ಎಂಬ ಉತ್ತರ ಯಾವ ಮನೆಯಲ್ಲಿಯೂ ಬರುವುದಿಲ್ಲ. “ಗಣೇಶನ ಹಬ್ಬ ಆಗಿ ಮೂರು ದಿನಕ್ಕೆ ಕಣಕ್ಕ. ಶನಿವಾರ. ಅವತ್ತು ದೇವಸ್ಥಾನಕ್ಕೆ ಹೋಗಬೇಕು ಅಂತಿದ್ದೆ, ಆಗಲಿಲ್ಲ” ಎಂಬ ಉತ್ತರ ಬರುತ್ತದೆ. ಈ ಉತ್ತರದಲ್ಲಿ ಬೇಕಾದುದೆಲ್ಲವೂ ಇದೆ. 2025ರಲ್ಲಿ ಗಣೇಶ ಚತುರ್ಥಿ ಆಗಸ್ಟ್ 27ರ ಬುಧವಾರ ಬಂದಿತ್ತು. ಆದ್ದರಿಂದ ಆ ಶನಿವಾರ ಆಗಸ್ಟ್ 30. ಅದಕ್ಕೆ ಏಳು ದಿನ ಸೇರಿಸಿದರೆ ಸೆಪ್ಟೆಂಬರ್ 6. ಒಂಬತ್ತು ತಿಂಗಳು ಕೂಡಿಸಿದರೆ 2026ರ ಜೂನ್ 6. ಇದೇ ಹೆರಿಗೆಯ ನಿರೀಕ್ಷಿತ ದಿನಾಂಕ.

ಈ ಲೆಕ್ಕವನ್ನು ತಾಳೆ ನೋಡಲು ಒಂದು ಉಪಾಯವಿದೆ. 280 ಎಂಬುದು ಏಳರ ನಲವತ್ತು ಪಟ್ಟು. ಆದಕಾರಣ ಕೊನೆಯ ಮುಟ್ಟು ಶನಿವಾರ ಆರಂಭವಾಗಿದ್ದರೆ ನಿರೀಕ್ಷಿತ ದಿನವೂ ಶನಿವಾರವೇ ಬರಬೇಕು. 2026ರ ಜೂನ್ 6 ಶನಿವಾರ, ಲೆಕ್ಕ ಸರಿಯಾಗಿದೆ. ತಿಂಗಳುಗಳಲ್ಲಿ 28, 30, 31 ದಿನಗಳ ವ್ಯತ್ಯಾಸವಿರುವುದರಿಂದ ಸೂತ್ರದ ಉತ್ತರ ಕೆಲವೊಮ್ಮೆ ಒಂದೆರಡು ದಿನ ಮುಂದೆ ಹೋಗುವುದುಂಟು. ನವೆಂಬರ್ 26ರ ಮುಟ್ಟಿಗೆ ಸೂತ್ರ ಸೆಪ್ಟೆಂಬರ್ 3 ಎನ್ನುತ್ತದೆ. ದಿನ ಎಣಿಸಿದರೆ ಅದು 281ನೆಯ ದಿನ. ಇಂತಹ ವ್ಯತ್ಯಾಸದಿಂದ ಯಾವ ತೊಂದರೆಯೂ ಇಲ್ಲ.

ಸೂತ್ರವು 28 ದಿನಕ್ಕೊಮ್ಮೆ ಮುಟ್ಟಾಗುವವರಿಗೆ ಹೊಂದಿಸಿದ್ದೆಂಬುದನ್ನು ಮರೆಯಬಾರದು. 35 ದಿನಕ್ಕೊಮ್ಮೆ ನಿಯಮಿತವಾಗಿ ಮುಟ್ಟಾಗುವವರಲ್ಲಿ ಗರ್ಭ ಒಂದು ವಾರ ತಡವಾಗಿ ನಿಲ್ಲುವುದರಿಂದ ನಿರೀಕ್ಷಿತ ದಿನಕ್ಕೆ ಇನ್ನೂ ಏಳು ದಿನ ಸೇರಿಸಬೇಕಾಗುತ್ತದೆ. ಮುಟ್ಟು ಕ್ರಮ ತಪ್ಪಿ ಬರುವವರು, ಮಗುವಿಗೆ ಹಾಲೂಡಿಸುತ್ತ ಮುಟ್ಟೇ ಕಾಣದೆ ಮತ್ತೆ ಗರ್ಭಿಣಿಯಾದವರು, ಗರ್ಭನಿರೋಧಕ ಮಾತ್ರೆ ಅಥವಾ ಮೂರು ತಿಂಗಳಿಗೊಮ್ಮೆ ಕೊಡುವ ಅಂತರ ಚುಚ್ಚುಮದ್ದನ್ನು ಇತ್ತೀಚೆಗೆ ನಿಲ್ಲಿಸಿದವರು, ಇವರಿಗೆ ಈ ಸೂತ್ರವನ್ನು ನಂಬಿ ಕೂರುವಂತಿಲ್ಲ. ಅವರಿಗೆ ಮೊದಲ ಮೂರು ತಿಂಗಳ ಸ್ಕ್ಯಾನಿಂಗೇ ಆಧಾರ.

2. ಲೆಕ್ಕ ತಪ್ಪುವ ಸ್ಥಳಗಳು

ಲೆಕ್ಕ ತಪ್ಪುವುದು ಕೂಡುವ ಕಳೆಯುವ ಕೆಲಸದಲ್ಲಿ ಅಲ್ಲ, ಯಾವ ದಿನದಿಂದ ಎಣಿಸಬೇಕೆಂಬಲ್ಲಿ.

ಮೊದಲನೆಯದಾಗಿ, ಅನೇಕ ಹೆಣ್ಣುಮಕ್ಕಳು ನೆನಪಿಟ್ಟುಕೊಳ್ಳುವುದು ಮುಟ್ಟಾದ ದಿನವನ್ನಲ್ಲ, ತಲೆಗೆ ನೀರು ಹಾಕಿಕೊಂಡು ಒಳಗೆ ಬಂದ ದಿನವನ್ನು. ಇದರಿಂದ ಮೂರರಿಂದ ಐದು ದಿನಗಳ ವ್ಯತ್ಯಾಸವಾಗುತ್ತದೆ. ಎರಡನೆಯದಾಗಿ, ಮನೆಯ ಹಿರಿಯರು ಮುಟ್ಟು ತಪ್ಪಿದ ದಿನದಿಂದ ತಿಂಗಳು ಎಣಿಸುತ್ತಾರೆ. ವೈದ್ಯರ ಲೆಕ್ಕಕ್ಕೂ ಮನೆಯ ಲೆಕ್ಕಕ್ಕೂ ಇದರಿಂದ ಸುಮಾರು ನಾಲ್ಕು ವಾರಗಳ ಅಂತರ ಬೀಳುತ್ತದೆ. ಮೂರನೆಯದಾಗಿ, “ಒಂಬತ್ತಕ್ಕೆ ಬಿದ್ದಿದೆ” ಎಂಬ ಮಾತಿನ ಅರ್ಥ ಎಂಟು ತುಂಬಿ ಒಂಬತ್ತು ನಡೆಯುತ್ತಿದೆ ಎಂದು. ಕೇಳಿಸಿಕೊಂಡವರು ಅದನ್ನು ಒಂಬತ್ತು ತುಂಬಿದೆ ಎಂದು ಬರೆದುಕೊಂಡರೆ ಒಂದು ತಿಂಗಳು ತಪ್ಪಿತು. ಆದ್ದರಿಂದ ತಾಯಿ ಕಾರ್ಡಿನಲ್ಲಿ ತಿಂಗಳ ಬದಲು ವಾರಗಳನ್ನು ಬಳಸಲಾಗುತ್ತದೆ.

ನಾಲ್ಕನೆಯದು ಪಂಚಾಂಗದ ಲೆಕ್ಕ. ಇದನ್ನು ಹಳೆಯ ಕಾಲದ ಅಜ್ಞಾನವೆಂದು ತಳ್ಳಿಹಾಕುವಂತಿಲ್ಲ. ಚಾಂದ್ರಮಾನದ ಒಂದು ತಿಂಗಳು ಸುಮಾರು ಇಪ್ಪತ್ತೊಂಬತ್ತೂವರೆ ದಿನ. ಅಂತಹ ಒಂಬತ್ತು ತಿಂಗಳಿಗೆ 266 ದಿನಗಳಾಗುತ್ತವೆ. ಗರ್ಭ ನಿಂತ ದಿನದಿಂದ ಹೆರಿಗೆಯವರೆಗೆ ವೈದ್ಯಶಾಸ್ತ್ರ ಹೇಳುವ ಅವಧಿಯೂ 266 ದಿನವೇ. ನವಮಾಸ ಎಂಬ ಮಾತು ಹಿರಿಯರ ಅನುಭವದಿಂದ ಬಂದದ್ದು ಮತ್ತು ಸರಿಯಾದದ್ದು. ಕೊನೆಯ ಮುಟ್ಟಿನಿಂದ ಎಣಿಸುವುದಾದರೆ ಒಂಬತ್ತೂವರೆ ಚಾಂದ್ರಮಾಸಗಳಾಗುತ್ತವೆ.

ತೊಡಕು ಬರುವುದು ಅಧಿಕಮಾಸ ಇರುವ ವರ್ಷಗಳಲ್ಲಿ. ಮೇಲಿನ ಉದಾಹರಣೆಯನ್ನೇ ತೆಗೆದುಕೊಳ್ಳಬಹುದು. ಆ ಶನಿವಾರ ಭಾದ್ರಪದ ಶುದ್ಧ ಸಪ್ತಮಿ. ಮನೆಯ ಅಜ್ಜಿ ತಿಂಗಳ ಹೆಸರುಗಳನ್ನು ಹಿಡಿದು ಎಣಿಸಿ, ಒಂಬತ್ತು ತಿಂಗಳಿಗೆ ಜ್ಯೇಷ್ಠ ಶುದ್ಧ ಸಪ್ತಮಿ, ಅದರ ಮೇಲೆ ಹದಿನೈದು ದಿನ, ಕಾರ ಹುಣ್ಣಿಮೆ ಕಳೆದು ವಾರದೊಳಗೆ ಹೆರಿಗೆ ಎಂದು ಹೇಳಬಹುದು. ಸಾಮಾನ್ಯ ವರ್ಷದಲ್ಲಿ ಆ ಮಾತು ಸರಿ. ಆದರೆ 2026ರಲ್ಲಿ ಮೇ 17ರಿಂದ ಜೂನ್ 15ರವರೆಗೆ ಅಧಿಕ ಜ್ಯೇಷ್ಠ. ಕಾರ ಹುಣ್ಣಿಮೆ ಬರುವುದು ನಿಜ ಜ್ಯೇಷ್ಠದಲ್ಲಿ, ಜೂನ್ ತಿಂಗಳ ಕೊನೆಗೆ. ಅಧಿಕಮಾಸದಲ್ಲಿ ಶುಭಕಾರ್ಯಗಳನ್ನು ಮಾಡುವುದಿಲ್ಲವೆಂದು ಆ ತಿಂಗಳನ್ನು ಎಣಿಕೆಯಿಂದ ಬಿಟ್ಟರೆ ಹೆರಿಗೆ ಜುಲೈ ಮೊದಲ ವಾರಕ್ಕೆ ಎಂದಾಗುತ್ತದೆ. ಆದರೆ ಹೊಟ್ಟೆಯಲ್ಲಿರುವ ಮಗುವಿಗೆ ಅಧಿಕವೂ ಇಲ್ಲ, ನಿಜವೂ ಇಲ್ಲ. ಅದು ರೋಹಿಣಿ ಮಳೆ ಮುಗಿದು ಮೃಗಶಿರಾ ಹುಟ್ಟುವ ಹೊತ್ತಿಗೆ, ಜೂನ್ ಮೊದಲ ವಾರದಲ್ಲಿ ಬರಲು ಸಿದ್ಧವಾಗಿರುತ್ತದೆ. ಇನ್ನೂ ಒಂದು ತಿಂಗಳಿದೆ ಎಂದು ನಂಬಿದ ಮನೆಯಲ್ಲಿ ವಾಹನವೂ ಇರುವುದಿಲ್ಲ, ಹಣವೂ ಇರುವುದಿಲ್ಲ, ಮಳೆಗೆ ಕೆಸರಾದ ತೋಟದ ದಾರಿ ಮಾತ್ರ ಇರುತ್ತದೆ. ಹಬ್ಬ, ಹುಣ್ಣಿಮೆ, ಜಾತ್ರೆಗಳನ್ನು ದಿನ ನೆನಪಿಸಿಕೊಳ್ಳಲು ಬಳಸಬೇಕು. ದಿನ ಎಣಿಸಲು ಮಾತ್ರ ಕ್ಯಾಲೆಂಡರನ್ನೇ ಬಳಸಬೇಕು.

3. ಸ್ಕ್ಯಾನಿಂಗ್ ಮತ್ತು ಕೈಪರೀಕ್ಷೆ

1973ರಲ್ಲಿ ಗ್ಲಾಸ್ಗೋ ನಗರದ ವೈದ್ಯ ಹ್ಯೂ ರಾಬಿನ್ಸನ್ ಅವರು ಭ್ರೂಣದ ತಲೆಯಿಂದ ಪೃಷ್ಠದವರೆಗಿನ ಉದ್ದವನ್ನು ಅಲ್ಟ್ರಾಸೌಂಡ್ ಮೂಲಕ ಅಳೆದು ಗರ್ಭದ ವಯಸ್ಸನ್ನು ಹೇಳುವ ಕ್ರಮವನ್ನು ಪ್ರಕಟಿಸಿದರು. ಮೊದಲ ಮೂರು ತಿಂಗಳಲ್ಲಿ ಎಲ್ಲ ಭ್ರೂಣಗಳೂ ಹೆಚ್ಚುಕಡಿಮೆ ಒಂದೇ ವೇಗದಲ್ಲಿ ಬೆಳೆಯುತ್ತವೆ. ಆದ್ದರಿಂದ ಆ ಅವಧಿಯ ಸ್ಕ್ಯಾನಿಂಗ್ ಹೇಳುವ ದಿನಾಂಕದಲ್ಲಿ ವ್ಯತ್ಯಾಸ ಐದರಿಂದ ಏಳು ದಿನಕ್ಕಿಂತ ಹೆಚ್ಚಿರುವುದಿಲ್ಲ. ಅನಂತರ ತಂದೆತಾಯಿಯರ ಮೈಕಟ್ಟು, ತಾಯಿಯ ಆಹಾರ, ರಕ್ತಹೀನತೆ, ರಕ್ತದೊತ್ತಡ ಇವುಗಳಿಗನುಗುಣವಾಗಿ ಒಂದು ಮಗು ದಪ್ಪವಾಗಿಯೂ ಇನ್ನೊಂದು ಸಣ್ಣದಾಗಿಯೂ ಬೆಳೆಯುತ್ತದೆ. ಕೊನೆಯ ಮೂರು ತಿಂಗಳ ಸ್ಕ್ಯಾನಿಂಗಿನಲ್ಲಿ ದಿನಾಂಕ ಮೂರು ವಾರಗಳಷ್ಟು ಹಿಂದುಮುಂದಾಗಬಹುದು.

ಮೂರು ಸ್ಕ್ಯಾನಿಂಗ್ ವರದಿಗಳಲ್ಲಿ ಮೂರು ದಿನಾಂಕಗಳಿರುವುದನ್ನು ಕಂಡು ಗಾಬರಿಯಾಗುವ ಕುಟುಂಬಗಳು ಇದನ್ನು ತಿಳಿದಿರಬೇಕು. ಮೊದಲ ವರದಿಯ ದಿನಾಂಕವೇ ಪ್ರಮಾಣ. ಅದಕ್ಕೂ ಮುಟ್ಟಿನ ಲೆಕ್ಕಕ್ಕೂ ಒಂದು ವಾರದೊಳಗಿನ ವ್ಯತ್ಯಾಸವಿದ್ದರೆ ಸಾಮಾನ್ಯವಾಗಿ ಮುಟ್ಟಿನ ಲೆಕ್ಕವನ್ನೇ ಉಳಿಸಿಕೊಳ್ಳಲಾಗುತ್ತದೆ. ಹೆಚ್ಚಿದ್ದರೆ ವೈದ್ಯರು ಸ್ಕ್ಯಾನಿಂಗ್ ದಿನಾಂಕವನ್ನು ಹಿಡಿಯುತ್ತಾರೆ. ಒಮ್ಮೆ ಹೀಗೆ ನಿಶ್ಚಯಿಸಿದ ದಿನಾಂಕವನ್ನು ಮುಂದಿನ ಸ್ಕ್ಯಾನಿಂಗ್ ನೋಡಿ ಬದಲಾಯಿಸಬಾರದು. ಎಂಟನೆಯ ತಿಂಗಳ ವರದಿಯಲ್ಲಿ ಮಗು ಎರಡು ವಾರ ಚಿಕ್ಕದೆಂದು ಬಂದರೆ ಹೆರಿಗೆ ಎರಡು ವಾರ ಮುಂದೆ ಹೋಯಿತೆಂದು ಅರ್ಥವಲ್ಲ. ಮಗುವಿನ ಬೆಳವಣಿಗೆ ಕುಂಠಿತವಾಗಿರಬಹುದು, ವೈದ್ಯರಿಗೆ ಬೇಗ ತೋರಿಸಬೇಕು ಎಂದು ಅರ್ಥ.

ಯಂತ್ರಗಳಲ್ಲಿ ಬಳಕೆಯಲ್ಲಿರುವ ಸೂತ್ರಗಳು ಬಹುಪಾಲು ಪಾಶ್ಚಾತ್ಯ ದೇಶಗಳ ಮಹಿಳೆಯರ ಅಳತೆಗಳಿಂದ ರೂಪುಗೊಂಡವು. ಭಾರತೀಯ ಮಹಿಳೆಯರ ಅಳತೆಗಳನ್ನೇ ಆಧರಿಸಿ ಗರ್ಭಿಣಿ-ಜಿಎ2 ಎಂಬ ಲೆಕ್ಕಾಚಾರದ ಮಾದರಿಯನ್ನು ಮದ್ರಾಸ್ ಐಐಟಿ ಮತ್ತು ಫರೀದಾಬಾದಿನ ಟಿಎಚ್‌ಎಸ್‌ಟಿಐ ಸಂಸ್ಥೆಯ ಸಂಶೋಧಕರು 2024ರಲ್ಲಿ ಪ್ರಕಟಿಸಿದರು. ತಡವಾಗಿ ಸ್ಕ್ಯಾನಿಂಗ್‌ಗೆ ಬರುವ ಗರ್ಭಿಣಿಯರ ವಾರಗಳನ್ನು ಹೆಚ್ಚು ನಿಖರವಾಗಿ ಹೇಳುವುದು ಅದರ ಉದ್ದೇಶ.

ಯಂತ್ರವಿಲ್ಲದ ಕಡೆಯೂ ಅಳತೆ ಇಲ್ಲದಿಲ್ಲ. ಉಪಕೇಂದ್ರದ ಪ್ರಾಥಮಿಕ ಆರೋಗ್ಯ ಸುರಕ್ಷಾಧಿಕಾರಿಯು ಹೊಟ್ಟೆಯ ಮೇಲೆ ಕೈಯಿಟ್ಟು ಗರ್ಭಕೋಶದ ಎತ್ತರವನ್ನು ನೋಡುತ್ತಾರೆ. 12 ವಾರಕ್ಕೆ ಅದು ಕಿಬ್ಬೊಟ್ಟೆಯ ಮೂಳೆಯ ಮೇಲೆ ಕೈಗೆ ಸಿಗಲಾರಂಭಿಸುತ್ತದೆ, 24 ವಾರಕ್ಕೆ ಹೊಕ್ಕುಳ ಮಟ್ಟಕ್ಕೆ ಬರುತ್ತದೆ, 36 ವಾರಕ್ಕೆ ಎದೆಗೂಡಿನ ಕೆಳತುದಿಯನ್ನು ಮುಟ್ಟುತ್ತದೆ, ಹೆರಿಗೆ ಸಮೀಪಿಸಿದಂತೆ ಮತ್ತೆ ಕೆಳಗಿಳಿಯುತ್ತದೆ. ಚೊಚ್ಚಲ ಬಸುರಿಗೆ 18ರಿಂದ 20 ವಾರಕ್ಕೆ, ಮೊದಲೇ ಹೆತ್ತವಳಿಗೆ 16ರಿಂದ 18 ವಾರಕ್ಕೆ ಮಗುವಿನ ಮಿಸುಕಾಟ ತಿಳಿಯುತ್ತದೆ. ಅವಳಿ ಮಕ್ಕಳಿದ್ದರೆ ಈ ಅಳತೆಗಳು ಮೋಸ ಮಾಡುತ್ತವೆ.

ಈ ಕೈಪರೀಕ್ಷೆಯ ಜ್ಞಾನ ಈ ಜಿಲ್ಲೆಗೆ ಹೊಸದಲ್ಲ. ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮನವರು ಏಳು ದಶಕಗಳ ಅವಧಿಯಲ್ಲಿ 15,000ಕ್ಕೂ ಹೆಚ್ಚು ಹೆರಿಗೆಗಳನ್ನು ಮಾಡಿಸಿದರು. ತುಮಕೂರು ವಿಶ್ವವಿದ್ಯಾನಿಲಯ 2014ರಲ್ಲಿ ಅವರಿಗೆ ಗೌರವ ಡಾಕ್ಟರೇಟ್ ನೀಡಿತು. 2018ರಲ್ಲಿ ಪದ್ಮಶ್ರೀ ಪ್ರಶಸ್ತಿ ಬಂದಿತು. ಅದೇ ವರ್ಷದ ಡಿಸೆಂಬರ್ 25ರಂದು ಅವರು ನಿಧನರಾದರು. ಅಂತಹ ಕೈಗಳು ಈಗ ಊರೂರಲ್ಲಿ ಇಲ್ಲ. ಆ ಸ್ಥಾನವನ್ನು ತುಂಬಬೇಕಾದುದು ತಾಯಿ ಕಾರ್ಡ್, ಆರಂಭದ ಸ್ಕ್ಯಾನಿಂಗ್ ಮತ್ತು ಆಸ್ಪತ್ರೆಯ ಹೆರಿಗೆ.

ಸ್ಕ್ಯಾನಿಂಗ್ ಮಾತು ಬಂದಾಗ ಇನ್ನೊಂದು ಎಚ್ಚರಿಕೆ ಅಗತ್ಯ. ಗರ್ಭದ ವಯಸ್ಸು ಮತ್ತು ಆರೋಗ್ಯ ತಿಳಿಯಲು ಸ್ಕ್ಯಾನಿಂಗ್ ಇದೆ. ಮಗು ಗಂಡೋ ಹೆಣ್ಣೋ ಎಂದು ಕೇಳುವುದೂ ಹೇಳುವುದೂ 1994ರ ಕಾಯ್ದೆಯ ಪ್ರಕಾರ ಜೈಲು ಶಿಕ್ಷೆಗೆ ಗುರಿಯಾಗುವ ಅಪರಾಧ. 2023ರ ಕೊನೆಯಲ್ಲಿ ನೆರೆಯ ಮಂಡ್ಯ ಜಿಲ್ಲೆಯಲ್ಲಿ ಬಯಲಿಗೆ ಬಂದ ಭ್ರೂಣಲಿಂಗ ಪತ್ತೆಯ ಜಾಲವನ್ನು ಸದಸ್ಯರು ಮರೆತಿರಲಾರರು.

4. ದಿನಾಂಕ ಏಕೆ ಮುಖ್ಯ

ನಿರೀಕ್ಷಿತ ದಿನದಂದೇ ಹುಟ್ಟುವ ಮಕ್ಕಳು ನೂರಕ್ಕೆ ನಾಲ್ಕೈದು ಮಾತ್ರ. ಹಾಗಾದರೆ ಈ ದಿನಾಂಕದಿಂದ ಪ್ರಯೋಜನವೇನು ಎಂಬ ಪ್ರಶ್ನೆ ಸಹಜ. ಅದು ಹೆರಿಗೆ ಆಗಲೇಬೇಕಾದ ದಿನವಲ್ಲ, ಆರೈಕೆಯ ಗಡುವುಗಳನ್ನು ನಿಗದಿಪಡಿಸುವ ಗೂಟ. ಮೇಲಿನ ಉದಾಹರಣೆಯ ಹೆಣ್ಣುಮಗಳಿಗೆ ಆ ಗಡುವುಗಳು ಹೀಗಿರುತ್ತವೆ.

12 ವಾರ ತುಂಬುವ 2025ರ ನವೆಂಬರ್ 22ರೊಳಗೆ ನೋಂದಣಿ, ತಾಯಿ ಕಾರ್ಡ್, ಮೊದಲ ತಪಾಸಣೆ ಮತ್ತು ಮೊದಲ ಸ್ಕ್ಯಾನಿಂಗ್ ಆಗಬೇಕು. 18ರಿಂದ 20 ವಾರ, ಅಂದರೆ 2026ರ ಜನವರಿ 3ರಿಂದ 17ರ ನಡುವೆ ಮಗುವಿನ ಅಂಗಾಂಗಗಳನ್ನು ನೋಡುವ ಸ್ಕ್ಯಾನಿಂಗ್ ಆಗಬೇಕು. ತಪಾಸಣೆ ಒಟ್ಟು ನಾಲ್ಕಕ್ಕೆ ಕಡಿಮೆಯಾಗಬಾರದು: 12 ವಾರದೊಳಗೆ ಒಂದು, 14ರಿಂದ 26 ವಾರದ ನಡುವೆ ಒಂದು, 28ರಿಂದ 34ರ ನಡುವೆ ಒಂದು, 36ರ ನಂತರ ಒಂದು. ಪ್ರತಿ ತಿಂಗಳ 9ನೇ ತಾರೀಖಿನಂದು ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದಡಿ ಸರ್ಕಾರಿ ಆಸ್ಪತ್ರೆಗಳಲ್ಲಿ ವೈದ್ಯರಿಂದ ಉಚಿತ ತಪಾಸಣೆ ನಡೆಯುತ್ತದೆ.

37 ವಾರ ತುಂಬುವ ಮೇ 16ಕ್ಕೆ ಮೊದಲು ಹುಟ್ಟುವ ಮಗು ಅವಧಿಪೂರ್ವ ಶಿಶು. 34 ವಾರ ತುಂಬುವ ಏಪ್ರಿಲ್ 25ಕ್ಕೆ ಮೊದಲೇ ನೋವು ಕಾಣಿಸಿದರೆ, ಮಗುವಿನ ಶ್ವಾಸಕೋಶ ಬಲಿಯಲೆಂದು ತಾಯಿಗೆ ಡೆಕ್ಸಾಮೆಥಾಸೋನ್ ಚುಚ್ಚುಮದ್ದನ್ನು ಹನ್ನೆರಡು ಗಂಟೆಗೊಮ್ಮೆ ನಾಲ್ಕು ಬಾರಿ ಕೊಡುವ ಕ್ರಮವಿದೆ. ಅಗ್ಗದ ಔಷಧ, ಆದರೆ ಅದನ್ನು ಕೊಡಬೇಕೋ ಬೇಡವೋ ಎಂದು ತೀರ್ಮಾನಿಸಲು ವೈದ್ಯರಿಗೆ ಎಷ್ಟನೆಯ ವಾರವೆಂದು ತಿಳಿದಿರಬೇಕು. ತಾಯಿ ಕಾರ್ಡಿನಲ್ಲಿ ದಿನಾಂಕವಿಲ್ಲದಿದ್ದರೆ ಆ ಗಳಿಗೆಯಲ್ಲಿ ಅದನ್ನು ಊಹಿಸಬೇಕಾಗುತ್ತದೆ. ಏಳಕ್ಕೆ ಹುಟ್ಟಿದ ಮಗು ಉಳಿಯುತ್ತದೆ, ಎಂಟಕ್ಕೆ ಹುಟ್ಟಿದ್ದು ಉಳಿಯದು ಎಂಬ ನಂಬಿಕೆಗೆ ಆಧಾರವಿಲ್ಲ. ಗರ್ಭದಲ್ಲಿ ಕಳೆದ ಪ್ರತಿಯೊಂದು ವಾರವೂ ಮಗುವಿಗೆ ಬಲ ಕೊಡುತ್ತದೆ.

ಇದೇ ಕಾರಣಕ್ಕೆ, ಶಸ್ತ್ರಚಿಕಿತ್ಸೆಯ ಹೆರಿಗೆ ನಿಗದಿಯಾದ ಮನೆಗಳಲ್ಲಿ ಒಳ್ಳೆಯ ನಕ್ಷತ್ರ ನೋಡಿ ದಿನ ಹಿಂದಕ್ಕೆ ತರುವುದು ತರವಲ್ಲ. ವೈದ್ಯಕೀಯ ಕಾರಣವಿಲ್ಲದೆ 39 ವಾರಕ್ಕೆ, ಅಂದರೆ ಈ ಉದಾಹರಣೆಯಲ್ಲಿ ಮೇ 30ಕ್ಕೆ ಮೊದಲು ಮಗುವನ್ನು ಹೊರತೆಗೆದರೆ ಉಸಿರಾಟದ ತೊಂದರೆಯ ಸಂಭವ ಹೆಚ್ಚು. ಇನ್ನೊಂದು ಕಡೆ, ಜೂನ್ 6 ಕಳೆದರೂ ನೋವು ಬರಲಿಲ್ಲವೆಂದು ಹೆದರಬೇಕಾಗಿಲ್ಲ. ಹಾಗೆಂದು ಮನೆಯಲ್ಲಿ ಕಾಯುತ್ತ ಕೂರುವಂತೆಯೂ ಇಲ್ಲ. ದಿನಾಂಕ ದಾಟಿದೊಡನೆ ಆಸ್ಪತ್ರೆಗೆ ತೋರಿಸಬೇಕು. 41 ವಾರ ತುಂಬುವ ಜೂನ್ 13ರ ಹೊತ್ತಿಗೆ ನೋವು ಬರಿಸುವ ಬಗ್ಗೆ ವೈದ್ಯರು ನಿರ್ಧರಿಸುತ್ತಾರೆ. ಅದರಾಚೆಗೆ ಮಾಸು ಮಗುವಿಗೆ ಆಹಾರ ಮತ್ತು ಆಮ್ಲಜನಕ ಒದಗಿಸುವ ಶಕ್ತಿ ಕುಂದತೊಡಗುತ್ತದೆ.

ರಕ್ತಸ್ರಾವ, ನೀರು ಒಡೆಯುವುದು, ತೀವ್ರ ತಲೆನೋವಿನೊಡನೆ ಕಣ್ಣು ಮಂಜಾಗುವುದು, ಫಿಟ್ಸ್, ಜ್ವರ, ಮಗುವಿನ ಮಿಸುಕಾಟ ಕಡಿಮೆಯಾಗುವುದು, ಇವುಗಳಲ್ಲಿ ಯಾವುದು ಕಂಡರೂ ಯಾವ ದಿನಾಂಕವನ್ನೂ ನೋಡದೆ ತಕ್ಷಣ 108ಕ್ಕೆ ಕರೆ ಮಾಡಬೇಕು.

5. ಈ ಸೀಮೆಯ ವಿಶೇಷ ಸಮಸ್ಯೆಗಳು

ಮೊದಲನೆಯದು ತೋಟದ ಮನೆಗಳು. ಊರಿನಿಂದ ದೂರ, ಹೊಲತೋಟಗಳ ನಡುವೆ ಇರುವ ಮನೆಗೆ ರಾತ್ರಿಯಲ್ಲಿ ಆಂಬುಲೆನ್ಸ್ ದಾರಿ ಹುಡುಕುವುದು ಕಷ್ಟ. ತಿಪಟೂರಿನಿಂದ ತುಮಕೂರಿನ ಜಿಲ್ಲಾ ಆಸ್ಪತ್ರೆಗೆ ಸುಮಾರು 70 ಕಿಲೋಮೀಟರ್. ಹುಳಿಯಾರು, ಹಂದನಕೆರೆ, ಕಂದಿಕೆರೆ ಕಡೆಯವರಿಗೆ ಇನ್ನೊಂದು ಹಂತದ ಪಯಣವಿದೆ. 36 ವಾರ ತುಂಬಿದ ಗರ್ಭಿಣಿ ಅಂತಹ ಮನೆಯಲ್ಲಿದ್ದರೆ ಆಕೆಯನ್ನು ಮುಖ್ಯರಸ್ತೆಗೆ ಹತ್ತಿರದ ಬಂಧುಗಳ ಮನೆಗೆ ಕರೆತರುವುದು, ತೋಟದ ದಾರಿಗೆ ಅಡ್ಡಬಿದ್ದ ಗರಿ ಮತ್ತು ಮಟ್ಟೆಗಳನ್ನು ತೆಗೆಸಿಡುವುದು ಸಣ್ಣ ಕೆಲಸಗಳಾದರೂ ಜೀವ ಉಳಿಸುವ ಕೆಲಸಗಳು.

ಎರಡನೆಯದು ತವರಿನ ಹೆರಿಗೆ. ಗಂಡನ ಊರಿನಲ್ಲಿ ನೋಂದಾಯಿಸಿಕೊಂಡ ಹೆಣ್ಣುಮಗಳು ಏಳನೆಯ ಅಥವಾ ಒಂಬತ್ತನೆಯ ತಿಂಗಳಲ್ಲಿ ಶಾಸ್ತ್ರ ಮುಗಿಸಿಕೊಂಡು ತವರಿಗೆ ಬರುತ್ತಾಳೆ. ಮಡಿಲಕ್ಕಿ, ಬಳೆ, ಸೀರೆ ಎಲ್ಲವೂ ಜೊತೆಗೆ ಬರುತ್ತವೆ. ತಾಯಿ ಕಾರ್ಡ್ ಮಾತ್ರ ಗಂಡನ ಮನೆಯ ಬೀರುವಿನಲ್ಲಿ ಉಳಿಯುತ್ತದೆ. ಅಲ್ಲಿಯ ಆಶಾ ಕಾರ್ಯಕರ್ತೆ ಆಕೆ ತವರಿನಲ್ಲಿದ್ದಾಳೆಂದು ಸುಮ್ಮನಿರುತ್ತಾಳೆ. ಇಲ್ಲಿಯ ಕಾರ್ಯಕರ್ತೆಗೆ ಆಕೆ ಬಂದಿರುವುದೇ ತಿಳಿದಿರುವುದಿಲ್ಲ. ಎರಡು ಪಂಚಾಯಿತಿಗಳ ನಡುವೆ ಲೆಕ್ಕ ಕಳೆದುಹೋಗುವುದು ಹೀಗೆ.

ಮೂರನೆಯದು ವಲಸೆ ಕುಟುಂಬಗಳು. ಕೊಬ್ಬರಿ ಮತ್ತು ತೆಂಗಿನಪುಡಿ ಘಟಕಗಳಲ್ಲಿ, ಕಟ್ಟಡ ಕೆಲಸಗಳಲ್ಲಿ ಹೊರಗಿನಿಂದ ಬಂದು ದುಡಿಯುವವರ ಮನೆಯ ಗರ್ಭಿಣಿಯರು ಮತದಾರರ ಪಟ್ಟಿಯಲ್ಲಿಲ್ಲದ ಕಾರಣ ಯಾರ ಕಣ್ಣಿಗೂ ಬೀಳುವುದಿಲ್ಲ. 2022ರ ನವೆಂಬರ್‌ನಲ್ಲಿ ತುಮಕೂರು ನಗರದಲ್ಲಿ ವಾಸವಿದ್ದ ತಮಿಳುನಾಡು ಮೂಲದ ಗರ್ಭಿಣಿಯೊಬ್ಬರು ತಾಯಿ ಕಾರ್ಡ್ ಇಲ್ಲದ ಕಾರಣ ಆಸ್ಪತ್ರೆಯಲ್ಲಿ ದಾಖಲಾಗದೆ ಮನೆಗೆ ಮರಳಿ, ಅಲ್ಲಿಯೇ ಹೆರಿಗೆಯಾಗಿ, ತಾಯಿ ಮತ್ತು ಅವಳಿ ಶಿಶುಗಳು ಮೂವರೂ ಮೃತಪಟ್ಟ ಘಟನೆ ರಾಜ್ಯವನ್ನೇ ಕಲಕಿತು. ತುರ್ತು ಸಂದರ್ಭದಲ್ಲಿ ಯಾವುದೇ ಕಾರ್ಡ್ ಇಲ್ಲವೆಂದು ಚಿಕಿತ್ಸೆ ನಿರಾಕರಿಸುವಂತಿಲ್ಲ. ಇದು ಪ್ರತಿಯೊಬ್ಬ ಸದಸ್ಯರಿಗೂ ತಿಳಿದಿರಬೇಕು. ಅದರಂತೆಯೇ, ವಾರ್ಡಿನಲ್ಲಿರುವ ಯಾವ ಗರ್ಭಿಣಿಯೂ ಕಾರ್ಡಿಲ್ಲದೆ, ದಿನಾಂಕವಿಲ್ಲದೆ ಒಂಬತ್ತನೆಯ ತಿಂಗಳಿಗೆ ಕಾಲಿಡದಂತೆ ನೋಡಿಕೊಳ್ಳುವುದೂ ಅಷ್ಟೇ ಮುಖ್ಯ.

ನಾಲ್ಕನೆಯದು ಹಟ್ಟಿಗಳ ಸಂಪ್ರದಾಯ. 2023ರ ಜುಲೈನಲ್ಲಿ ತುಮಕೂರು ತಾಲ್ಲೂಕಿನ ಗೊಲ್ಲರಹಟ್ಟಿಯೊಂದರಲ್ಲಿ ಸೂತಕದ ಕಾರಣಕ್ಕೆ ಊರ ಹೊರಗಿನ ಗುಡಿಸಲಿನಲ್ಲಿ ಬಾಣಂತಿಯೊಡನೆ ಇರಿಸಲಾಗಿದ್ದ ಹಸುಗೂಸು ಮಳೆ ಚಳಿಗೆ ಸಿಲುಕಿ ಅಸುನೀಗಿತು. ಹೆರಿಗೆಯಾದ ಮೇಲೆ ಹೋಗಿ ಹಿರಿಯರೊಡನೆ ವಾದಿಸುವುದು ತಡವಾದ ಮಾತು. ಹೆರಿಗೆ ಮಳೆಗಾಲಕ್ಕೆ ಬೀಳುತ್ತದೆಂದು ಆರು ತಿಂಗಳ ಮೊದಲೇ ಗೊತ್ತಿದ್ದರೆ ಹಟ್ಟಿಯ ಯಜಮಾನರನ್ನು, ಪೂಜಾರಪ್ಪನವರನ್ನು ಗೌರವದಿಂದ ಕಂಡು ಮಾತನಾಡಿ, ತಾಯಿ ಮಗುವಿಗೆ ಬೆಚ್ಚಗಿನ ಮನೆಯೊಳಗೇ ಸ್ಥಳ ಮಾಡಿಸಲು ಕಾಲಾವಕಾಶ ದೊರೆಯುತ್ತದೆ.

6. ಸದಸ್ಯರು ಮಾಡಬಹುದಾದುದು

ದಿನಾಂಕವನ್ನು ಲೆಕ್ಕ ಹಾಕುವುದು ಆರೋಗ್ಯ ಸಿಬ್ಬಂದಿಯ ಕೆಲಸ. ಆ ಲೆಕ್ಕ ವ್ಯರ್ಥವಾಗದಂತೆ ನೋಡಿಕೊಳ್ಳುವುದು ಪಂಚಾಯಿತಿಯ ಕೆಲಸ. ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕತಾ ಸಮಿತಿಯ ಅಧ್ಯಕ್ಷತೆ ಗ್ರಾಮ ಪಂಚಾಯಿತಿ ಸದಸ್ಯರದ್ದು. ಆಶಾ ಕಾರ್ಯಕರ್ತೆ ಅದರ ಸದಸ್ಯ ಕಾರ್ಯದರ್ಶಿ. ಆ ಸಮಿತಿಯ ಮಾಸಿಕ ಸಭೆಯಲ್ಲಿ ನಾಲ್ಕು ಪ್ರಶ್ನೆಗಳನ್ನು ತಪ್ಪದೆ ಕೇಳಬಹುದು.

ಒಂದು: ಗ್ರಾಮದಲ್ಲಿ 12 ವಾರದೊಳಗೆ ನೋಂದಣಿಯಾಗದ ಗರ್ಭಿಣಿಯರು ಎಷ್ಟು ಮಂದಿ, ಕಾರಣವೇನು?
ಎರಡು: ಮೊದಲ ಮೂರು ತಿಂಗಳ ಸ್ಕ್ಯಾನಿಂಗ್ ಆಗದವರು ಎಷ್ಟು ಮಂದಿ, ಅದಕ್ಕೆ ತಡೆ ವಾಹನವೋ ಹಣವೋ?
ಮೂರು: ಮುಂದಿನ ಎರಡು ತಿಂಗಳಲ್ಲಿ ನಿರೀಕ್ಷಿತ ಹೆರಿಗೆಗಳೆಷ್ಟು, ಅವುಗಳಲ್ಲಿ ತೋಟದ ಮನೆಗಳಲ್ಲಿರುವುವೆಷ್ಟು, ಅಪಾಯದ ಗರ್ಭಗಳೆಷ್ಟು?
ನಾಲ್ಕು: ತವರಿಗೆ ಬಂದವರು, ತವರಿಗೆ ಹೋದವರು ಎಷ್ಟು ಮಂದಿ, ಆ ಊರಿನ ಆಶಾ ಕಾರ್ಯಕರ್ತೆಗೆ ಮಾಹಿತಿ ತಲುಪಿದೆಯೇ?

ಈ ಪ್ರಶ್ನೆಗಳಿಗೆ ಸಂಖ್ಯೆಗಳೇ ಉತ್ತರವಾಗಿರಬೇಕು, ಹೆಸರುಗಳಲ್ಲ. ಯಾರ ಮುಟ್ಟು ಯಾವಾಗ ನಿಂತಿತೆಂಬುದು ಸಭೆಯಲ್ಲಿ ಓದುವ ವಿಷಯವಲ್ಲ, ವಾಟ್ಸಾಪ್ ಗುಂಪಿನಲ್ಲಿ ಹಾಕುವ ವಿಷಯವಂತೂ ಅಲ್ಲವೇ ಅಲ್ಲ. ಹೆಸರು, ದಿನಾಂಕ, ಕಾರ್ಡಿನ ಸಂಖ್ಯೆ ಆರೋಗ್ಯ ಸಿಬ್ಬಂದಿಯ ದಾಖಲೆಯಲ್ಲಿಯೇ ಉಳಿಯಬೇಕು. ಗುಟ್ಟು ಉಳಿಯುತ್ತದೆಂಬ ನಂಬಿಕೆ ಇದ್ದರೆ ಮಾತ್ರ ಹೆಣ್ಣುಮಕ್ಕಳು ಎರಡನೆಯ ತಿಂಗಳಲ್ಲೇ ಬಾಯಿಬಿಟ್ಟು ಹೇಳುತ್ತಾರೆ. ಮೂರು ತಿಂಗಳು ತುಂಬುವವರೆಗೆ ಯಾರಿಗೂ ಹೇಳಬಾರದೆಂಬ ರೂಢಿ ಇರುವ ಮನೆಗಳಲ್ಲಿ ಆಶಾ ಕಾರ್ಯಕರ್ತೆಯೊಬ್ಬಳಿಗೆ ಮಾತ್ರ ಹೇಳಿದರೆ ಸಾಕೆಂದು ಮಹಿಳಾ ಸದಸ್ಯರು ತಿಳಿಸಿಕೊಡಬಹುದು.

ಬೇಗ ನೋಂದಾಯಿಸಿಕೊಂಡರೆ ಸಿಗುವ ಅನುಕೂಲಗಳನ್ನೂ ಜನರಿಗೆ ಹೇಳಬೇಕು. ಪ್ರಧಾನಮಂತ್ರಿ ಮಾತೃ ವಂದನಾ ಯೋಜನೆಯಲ್ಲಿ ಮೊದಲ ಮಗುವಿಗೆ ದೊರೆಯುವ 5,000 ರೂಪಾಯಿಯ ಕಂತುಗಳಿಗೆ ಕೊನೆಯ ಮುಟ್ಟಿನ ದಿನಾಂಕವೇ ಆಧಾರ. 2017ರ ಅಕ್ಟೋಬರ್ 2ರಂದು ರಾಜ್ಯದಲ್ಲಿ ಆರಂಭವಾದ ಮಾತೃಪೂರ್ಣ ಯೋಜನೆಯ ಬಿಸಿಯೂಟವೂ ಅಂಗನವಾಡಿಯ ನೋಂದಣಿಯಿಂದಲೇ ದೊರೆಯುತ್ತದೆ. ಸರ್ಕಾರಿ ಆಸ್ಪತ್ರೆಯ ಹೆರಿಗೆ, ಔಷಧ, ರಕ್ತ, ಮನೆಗೆ ಮರಳುವ ವಾಹನ ಎಲ್ಲವೂ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಉಚಿತ.

ಇವೆಲ್ಲಕ್ಕಿಂತ ಮೊದಲು ಸದಸ್ಯರು ತಮ್ಮ ಮನೆಯಿಂದಲೇ ಆರಂಭಿಸಬಹುದಾದ ಒಂದು ಕೆಲಸವಿದೆ. ಮದುವೆಯಾದ ಹೆಣ್ಣುಮಕ್ಕಳು ಪ್ರತಿ ತಿಂಗಳು ಮುಟ್ಟಾದ ಮೊದಲ ದಿನಕ್ಕೆ ಕ್ಯಾಲೆಂಡರಿನಲ್ಲಿ ಒಂದು ಚುಕ್ಕೆ ಇಡುವ ಅಭ್ಯಾಸ. ಅದಕ್ಕೆ ಖರ್ಚಿಲ್ಲ, ಅನುಮತಿ ಬೇಕಿಲ್ಲ, ಚುಕ್ಕೆಯ ಅರ್ಥ ಇಟ್ಟವರಿಗೆ ಬಿಟ್ಟು ಬೇರೆಯವರಿಗೆ ತಿಳಿಯಬೇಕಾಗಿಯೂ ಇಲ್ಲ. ಹಸುವಿಗೆ ಸುತ್ತು ಹಾಕಿದ ಅದೇ ಹಾಳೆಯಲ್ಲಿ ಮನೆಯ ಮಗಳ ಚುಕ್ಕೆಗೂ ಜಾಗವಿದೆ. ಒಂದು ದಿನ ಆಶಾ ಕಾರ್ಯಕರ್ತೆ ಬಂದು ಕೇಳಿದಾಗ ಹಬ್ಬವನ್ನೂ ಜಾತ್ರೆಯನ್ನೂ ನೆನಪಿಸಿಕೊಳ್ಳುವ ಅಗತ್ಯ ಬೀಳದು; ಗೋಡೆಯ ಕಡೆ ಕೈ ತೋರಿಸಿದರೆ ಸಾಕು. ಉಳಿದ ಲೆಕ್ಕ ಏಳು ದಿನ ಮತ್ತು ಒಂಬತ್ತು ತಿಂಗಳದ್ದು ಮಾತ್ರ.